ಎರಡು ಬೆಂಕಿಕಡ್ಡಿ, ಒಂದು ಹೆಸರು

ಪರದೆಯ ಮೇಲಿರುವ ಈ ಪೋಸ್ಟರಿನ ಅಸಲು ಪ್ರತಿ ಸುಮಾರು 70 ಸೆಂಟಿಮೀಟರ್ ಎತ್ತರ, 90ಕ್ಕೆ ತುಸು ಕಡಿಮೆ ಅಗಲ. ಹಿನ್ನೆಲೆ ಕಂದುಗೆಂಪು. ಮೇಲೆ ದಪ್ಪ ನೀಲಿ ಅಕ್ಷರಗಳಲ್ಲಿ 'ಪ್ರೀಸ್ಟರ್' ಎಂಬ ಹೆಸರು, ಅದರ ಸುತ್ತ ತಿಳಿಬಣ್ಣದ ಅಂಚು. ಕೆಳಗೆ ಎರಡು ಬೆಂಕಿಕಡ್ಡಿ, ಕಡ್ಡಿ ಕೆಂಪು, ತಲೆ ಹಳದಿ. ಮುಗಿಯಿತು. ಬೆಲೆ ಬರೆದಿಲ್ಲ, ಅಂಗಡಿಯ ವಿಳಾಸ ಕೊಟ್ಟಿಲ್ಲ, ನಗುವ ಹೆಂಗಸನ್ನು ಕೂರಿಸಿಲ್ಲ. 1905–06ರ ಹೊತ್ತಿಗೆ ಬರ್ಲಿನ್ನಿನಲ್ಲಿ ಇದನ್ನು ಮಾಡಿದಾಗ ಜರ್ಮನ್ ವಿನ್ಯಾಸಕಾರ ಲೂಸಿಯನ್ ಬರ್ನ್‌ಹಾರ್ಡ್‌ಗೆ ಇಪ್ಪತ್ತೆರಡು ಇಪ್ಪತ್ತಮೂರು ವರ್ಷ.

ಇದರ ಹಿಂದಿನ ಕಥೆ ಗ್ರಾಫಿಕ್ ಡಿಸೈನ್ ಓದಿದವರಿಗೆಲ್ಲ ಗೊತ್ತು. ಪ್ರೀಸ್ಟರ್ ಬೆಂಕಿಕಡ್ಡಿಗೆ ಪೋಸ್ಟರ್ ಸ್ಪರ್ಧೆ, ಬಹುಮಾನ 200 ಮಾರ್ಕ್. ಹುಡುಗ ಮೊದಲು ಬರೆದದ್ದು ಒಂದು ಮೇಜು, ಚೌಕಳಿ ಮೇಜುಬಟ್ಟೆ, ಬೂದಿಬಟ್ಟಲು, ಅದರಲ್ಲಿ ಹೊಗೆಯಾಡುವ ಚುಟ್ಟ, ಹೊಗೆಯೊಳಗೆ ಕುಣಿಯುವ ಹೆಣ್ಣುಗಳು, ಪಕ್ಕದಲ್ಲಿ ಕಡ್ಡಿ. ನೋಡಿದ ಗೆಳೆಯ 'ಚುಟ್ಟದ ಜಾಹೀರಾತು ಚೆನ್ನಾಗಿದೆ' ಅಂದನಂತೆ. ಹೆಣ್ಣುಗಳು ಹೋದರು, ಚುಟ್ಟ ಹೋಯಿತು, ಬೂದಿಬಟ್ಟಲು, ಮೇಜುಬಟ್ಟೆ, ಮೇಜು ಎಲ್ಲವೂ ಹೋದವು. ಉಳಿದ ಕಡ್ಡಿಗಳ ಮೇಲೆ ಹೆಸರು ಬರೆದು ಕಳಿಸಿದ. ತೀರ್ಪುಗಾರರು ಕಸಕ್ಕೆ ಹಾಕಿದರು. ತಡವಾಗಿ ಬಂದ ಎರ್ನ್ಸ್ಟ್ ಗ್ರೋವಾಲ್ಡ್ ಎಂಬಾತ ಬುಟ್ಟಿಯಿಂದ ಎತ್ತಿ ಇದೇ ಮೊದಲ ಬಹುಮಾನ ಅಂದ.

ಕಥೆ ಬರ್ನ್‌ಹಾರ್ಡ್ ಕಡೆಯಿಂದಲೇ ಬಂದದ್ದು, ಹೇಳುತ್ತ ಹೇಳುತ್ತ ನುಣುಪಾಗಿದೆ. ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಅದನ್ನು ಕೇಳಿದವರು ಒಂದು ತಪ್ಪು ಪಾಠ ಕಲಿಯುತ್ತಾರೆ: ಬೇಡದ್ದನ್ನೆಲ್ಲ ಅಳಿಸುತ್ತ ಹೋದರೆ ಒಳ್ಳೆಯ ಪೋಸ್ಟರ್ ತಾನಾಗಿ ಉಳಿಯುತ್ತದೆ ಅಂತ. ಅಳಿಸಿದ ಮೇಲೆ ಉಳಿದದ್ದನ್ನು ಯಾವ ಅಳತೆಯಲ್ಲಿ, ಯಾವ ಬಣ್ಣದಲ್ಲಿ, ಯಾವ ಅಚ್ಚುಕಲ್ಲಿನ ಮೇಲೆ ನಿಲ್ಲಿಸಬೇಕು ಎಂಬುದನ್ನು ಕಥೆ ಹೇಳುವುದಿಲ್ಲ. ಇವತ್ತಿನ ಮಾತು ಅದರ ಬಗ್ಗೆ. ಈ ಬಗೆಯ ಪೋಸ್ಟರ್ ಹುಟ್ಟಿದ್ದು ಆ ಕಾಲದ ಬೀದಿಯಿಂದ, ಕಲ್ಲಿನ ಮೇಲೆ ಚಿತ್ರ ಬರೆದು ಮುದ್ರಿಸುವ ಕಲ್ಲಚ್ಚಿನ ಯಂತ್ರದಿಂದ, ಮುದ್ರಕನ ಲೆಕ್ಕದ ಪುಸ್ತಕದಿಂದ. ಬರ್ನ್‌ಹಾರ್ಡ್‌ನ ಜಾಣತನ ಈ ಮೂರನ್ನೂ ಒಂದೇ ಏಟಿಗೆ ಒಪ್ಪಿಸಿದ್ದರಲ್ಲಿದೆ. ಅವು ಬದಲಾದ ಊರಿಗೆ ಹೋದಾಗ ಅವನ ಕೈ ಯಾಕೆ ಕಟ್ಟಿತು ಎಂಬುದಕ್ಕೂ ಉತ್ತರ ಅಲ್ಲೇ ಇದೆ.

ಕಾನ್‌ಷ್ಟಾಟ್‌ನಿಂದ ಬರ್ಲಿನ್ನಿಗೆ

ಹುಟ್ಟುಹೆಸರು ಎಮಿಲ್ ಕಾನ್. ಹುಟ್ಟಿದ್ದು 1883ರ ಮಾರ್ಚ್ 15ರಂದು ಕಾನ್‌ಷ್ಟಾಟ್‌ನಲ್ಲಿ, ಯಹೂದಿ ಮನೆತನದಲ್ಲಿ. ಆ ಊರು ಈಗ ಸ್ಟಟ್‌ಗಾರ್ಟ್‌ನ ಒಂದು ಭಾಗ. ಹದಿಹರೆಯದಲ್ಲಿ ಮ್ಯೂನಿಕ್ಕಿನ ಗಾಜಿನರಮನೆಯಲ್ಲಿ ನಡೆದ ಪ್ರದರ್ಶನ ನೋಡಿ ತಲೆ ತಿರುಗಿತು. ಹೊಸ ಶೈಲಿಯ ಪೀಠೋಪಕರಣ, ಗೋಡೆಯ ಬಣ್ಣ, ವಿದೇಶದ ಪೋಸ್ಟರುಗಳು ಅಲ್ಲಿದ್ದವು. ಮನೆಗೆ ಬಂದವನು, ಅಪ್ಪ ಊರಲ್ಲಿಲ್ಲದ ಹೊತ್ತು ನೋಡಿ, ಗೋಡೆ, ಚಾವಣಿ, ಕುರ್ಚಿ, ಮೇಜುಗಳಿಗೆಲ್ಲ ಕಣ್ಣು ಕುಕ್ಕುವ ಬಣ್ಣ ಬಳಿದ. ಅಪ್ಪ ಬಂದು ನೋಡಿದ ಮೇಲೆ ಮಗ ಮನೆ ಬಿಟ್ಟ. ಇದೂ ಅವನೇ ಹೇಳಿಕೊಂಡದ್ದು. ಮ್ಯೂನಿಕ್ಕಿನ ಅಕಾಡೆಮಿಯಲ್ಲಿ ಸ್ವಲ್ಪ ಕಾಲ ಕಲಿತರೂ ಬಹುಪಾಲು ಸ್ವಂತ ಕಲಿಕೆ. ಬರ್ಲಿನ್ನಿಗೆ ಬಂದು ಹೆಸರು ಬದಲಿಸಿಕೊಂಡ. ಇಂಗ್ಲೆಂಡಿನ ವಿಲಿಯಂ ನಿಕಲ್ಸನ್ ಮತ್ತು ಜೇಮ್ಸ್ ಪ್ರೈಡ್ 1890ರ ದಶಕದಲ್ಲಿ ಬೆಗರ್‌ಸ್ಟಾಫ್ ಎಂಬ ಹೆಸರಿನಲ್ಲಿ ಮಾಡಿದ್ದ ಚಪ್ಪಟೆ ಬಣ್ಣದ ಪೋಸ್ಟರುಗಳನ್ನು ನೋಡಿದರೆ ಬರ್ನ್‌ಹಾರ್ಡ್ ಶೂನ್ಯದಿಂದ ಶುರು ಮಾಡಲಿಲ್ಲ ಎಂಬುದು ಸ್ಪಷ್ಟ. ಅವರು ಕೆಲವೇ ಪೋಸ್ಟರ್ ಮಾಡಿ ಬಿಟ್ಟರು. ಇವನು ಅದನ್ನು ದಿನನಿತ್ಯದ ಕಸುಬು ಮಾಡಿದ.

ಬೀದಿಯ ಲೆಕ್ಕ

ಬರ್ಲಿನ್ನಿನಲ್ಲಿ ಪೋಸ್ಟರಿನ ಮುಖ್ಯ ಜಾಗ ಗುಂಡಗಿನ ಜಾಹೀರಾತು ಕಂಬ. 1855ರಲ್ಲಿ ಎರ್ನ್ಸ್ಟ್ ಲಿಟ್‌ಫಾಸ್ ಎಂಬ ಮುದ್ರಕ ಶುರು ಮಾಡಿದ್ದು, ಇಂದಿಗೂ ಜರ್ಮನ್ನರು ಅದನ್ನು ಲಿಟ್‌ಫಾಸ್ ಕಂಬ ಎಂದೇ ಕರೆಯುತ್ತಾರೆ. ಗುಂಡುಕಂಬದ ಮೇಲೆ ಅಂಟಿಸಿದ ಕಾಗದ ಗೋಡೆಯ ಮೇಲಿನ ಕಾಗದದ ಹಾಗೆ ಕಾಣುವುದಿಲ್ಲ. ಒಂದೂಕಾಲು ಮೀಟರ್ ವ್ಯಾಸದ ಕಂಬ ಅಂತಿಟ್ಟುಕೊಳ್ಳಿ. ಅದರ ಮೇಲೆ 90 ಸೆಂಟಿಮೀಟರ್ ಅಗಲದ ಕಾಗದ ಅಂಟಿಸಿದರೆ ಎರಡೂ ಅಂಚು ನೋಡುವವನಿಂದ 40 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಬಾಗುತ್ತವೆ. ಅಂಚಿನಲ್ಲಿರುವ ಅಕ್ಷರ ಮಧ್ಯದ ಅಕ್ಷರಕ್ಕಿಂತ ಸುಮಾರು ಕಾಲು ಭಾಗ ಕಿರಿದಾಗಿ ಕಾಣುತ್ತದೆ. ಹಾಗಾಗಿ ಅಂಚಿಗೆ ಸಣ್ಣ ವಿವರ ತುಂಬಿದರೆ ವ್ಯರ್ಥ. ದಪ್ಪಕ್ಷರ ಈ ಕುಗ್ಗುವಿಕೆಯನ್ನು ತಡೆದುಕೊಳ್ಳುತ್ತದೆ, ತೆಳ್ಳನೆಯ ಅಕ್ಷರ ಒಂದಕ್ಕೊಂದು ಅಂಟಿಕೊಂಡು ಕಾಣುತ್ತದೆ.

ಎರಡನೆಯದು ವೇಗ. 1902ರಲ್ಲಿ ಬರ್ಲಿನ್ನಿಗೆ ಮೆಟ್ರೋ ಬಂತು, ವಿದ್ಯುತ್ ಟ್ರಾಮ್ ಅದಕ್ಕೂ ಮುಂಚೆ ಇತ್ತು. ನಿಂತು ಓದುವ ಜನ ಕಡಿಮೆಯಾದರು. ಬೋರ್ಡ್ ಬರೆಯುವವರಲ್ಲಿ ಒಂದು ಹಳೆಯ ಅಂದಾಜು ಲೆಕ್ಕ ಇದೆ: ಪ್ರತಿ ಮೂರು ಮೀಟರ್ ದೂರಕ್ಕೆ ಎರಡೂವರೆ ಸೆಂಟಿಮೀಟರ್ ಅಕ್ಷರದೆತ್ತರ ಇದ್ದರೆ ಸಲೀಸಾಗಿ ಓದಬಹುದು. ಹದಿನೈದು ಮೀಟರ್ ದೂರದ ಎದುರು ಪಾದಚಾರಿ ದಾರಿಯಿಂದ ಓದಿಸಬೇಕಾದರೆ ಹನ್ನೆರಡೂವರೆ ಸೆಂಟಿಮೀಟರ್ ಬೇಕು. 70 ಸೆಂಟಿಮೀಟರ್ ಎತ್ತರದ ಕಾಗದದಲ್ಲಿ ಆ ಅಳತೆಯ ಅಕ್ಷರಕ್ಕೆ ಎಷ್ಟು ಸಾಲು ಹಿಡಿಸುತ್ತದೆ? ಒಂದು ಸಾಲು ಹೆಸರು, ಒಂದು ವಸ್ತು, ಸುತ್ತ ಉಸಿರಾಡಲು ಜಾಗ. ಎರಡನೆಯ ಸಾಲು ಸೇರಿಸಿದ ಕೂಡಲೇ ಮೊದಲನೆಯದನ್ನು ಕುಗ್ಗಿಸಬೇಕಾಗುತ್ತದೆ. ಪ್ರೀಸ್ಟರ್ ಪೋಸ್ಟರಿನಲ್ಲಿ ಹೆಸರು ಕಾಗದದ ಅಗಲವನ್ನು ಹೆಚ್ಚುಕಡಿಮೆ ಪೂರ್ತಿ ತುಂಬಿದೆ. ಅದು ಶೈಲಿಯ ಹಟವಾಗಿ ಕಂಡರೂ ಹಿಂದೆ ಇರುವುದು ಈ ಅಳತೆ.

ಮೂರನೆಯದು ನೆರೆಹೊರೆ. ಕಂಬದ ಮೇಲೆ ಪಕ್ಕದಲ್ಲಿ ನಾಟಕದ ಪಟ್ಟಿ, ಸರ್ಕಸ್ಸು, ಸಾಬೂನು, ಪೊಲೀಸ್ ಪ್ರಕಟಣೆ. ಬಹುಪಾಲು ಬಿಳಿ ಕಾಗದದ ಮೇಲಿನ ಕಪ್ಪಕ್ಷರ, ಇಲ್ಲವೇ ಹತ್ತಾರು ಬಣ್ಣದ ಚಿತ್ರ. ಆ ಗದ್ದಲದ ನಡುವೆ ಅಂಚಿನಿಂದ ಅಂಚಿಗೆ ಒಂದೇ ಗಾಢ ಬಣ್ಣ ತುಂಬಿದ ಆಯತ ಇದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಪಕ್ಕದವನೂ ಅದನ್ನೇ ಮಾಡಲು ಶುರು ಮಾಡಿದ ದಿನ ಈ ಉಪಾಯದ ಅರ್ಧ ಬಲ ಹೋಯಿತು ಅನ್ನಿ.

ಕಲ್ಲಿನ ಲೆಕ್ಕ

ಈಗ ಅಚ್ಚಿನ ಮನೆಗೆ ಬರೋಣ. ಕಲ್ಲಚ್ಚು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರತಂದ ಮಂಗಳೂರ ಸಮಾಚಾರ, ಅಂದರೆ ಕನ್ನಡದ ಮೊದಲ ಪತ್ರಿಕೆ, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲೇ ಮುದ್ರಣವಾದದ್ದು. ಆಗ ಅದು ಒಂದೇ ಬಣ್ಣ. ಬರ್ಲಿನ್ನಿನ ಪೋಸ್ಟರ್ ಅದರ ದೊಡ್ಡಣ್ಣ: ಪ್ರತಿ ಬಣ್ಣಕ್ಕೂ ಒಂದೊಂದು ಬೇರೆ ಕಲ್ಲು.

ಕಲ್ಲು ಬರುತ್ತಿದ್ದುದು ಬವೇರಿಯಾದ ಸೋಲ್ನ್‌ಹೋಫೆನ್ ಗಣಿಯಿಂದ, ಸಣ್ಣ ಕಣದ ಸುಣ್ಣಕಲ್ಲು. ಈ ಅಳತೆಯ ಪೋಸ್ಟರಿಗೆ 75 ಸೆಂಟಿಮೀಟರಿಗೆ 100 ಸೆಂಟಿಮೀಟರ್, ದಪ್ಪ 10 ಸೆಂಟಿಮೀಟರ್ ಇರುವ ಕಲ್ಲು ಅಂದರೆ ಹೆಚ್ಚುಕಡಿಮೆ 195 ಕಿಲೋ ತೂಕ. ಹಳೆಯ ಚಿತ್ರ ಅಳಿಸಲು ಅದರ ಮೇಲೆ ಮರಳು, ನೀರು ಹಾಕಿ ಇನ್ನೊಂದು ಕಲ್ಲಿನಿಂದ ಉಜ್ಜಬೇಕು, ಮೊದಲು ದಪ್ಪ ಮರಳು, ಆಮೇಲೆ ಸಣ್ಣದು. ಚಪ್ಪಟೆ ಬಣ್ಣ ಬರಬೇಕಾದ ಕಲ್ಲಿಗೆ ನುಣ್ಣನೆಯ ಮೈ, ಪೆನ್ಸಿಲಿನ ಹಾಗೆ ತೀಡಬೇಕಾದ ಚಿತ್ರಕ್ಕೆ ತರಿತರಿ ಮೈ. ಚಿತ್ರ ಬರೆಯುವ ಮಸಿಯಲ್ಲಿ ಮೇಣ, ಕೊಬ್ಬು, ಸಾಬೂನು, ದೀಪದ ಕಾಡಿಗೆ ಇರುತ್ತವೆ. ಮುಖ್ಯ ಸಂಗತಿ ಜಿಡ್ಡು. ಕಲ್ಲಿನಿಂದ ನೇರ ಕಾಗದಕ್ಕೆ ಬೀಳುವುದರಿಂದ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು.

ಬರೆದಾದ ಮೇಲೆ ಅರೇಬಿಕ್ ಗೋಂದಿಗೆ ಕೆಲವೇ ಹನಿ ನೈಟ್ರಿಕ್ ಆಮ್ಲ ಬೆರೆಸಿ ಬಳಿಯುತ್ತಾರೆ. ಖಾಲಿ ಜಾಗ ನೀರು ಹಿಡಿಯುವ ಗುಣ ಪಡೆಯುತ್ತದೆ, ಜಿಡ್ಡಿನ ಜಾಗ ನೀರನ್ನು ತಳ್ಳುತ್ತದೆ. ಆಮೇಲೆ ಟರ್ಪೆಂಟೈನಿನಿಂದ ಮಸಿ ತೊಳೆದು, ಕಲ್ಲು ಒದ್ದೆ ಮಾಡಿ, ಎಣ್ಣೆಶಾಯಿಯ ರೋಲರ್ ಹಾಯಿಸಿದರೆ ಶಾಯಿ ಚಿತ್ರದ ಮೇಲೆ ಮಾತ್ರ ಕೂರುತ್ತದೆ. ಆಮ್ಲ ಹೆಚ್ಚಾದರೆ ಚಿತ್ರದ ಸಣ್ಣ ಗೆರೆಗಳು ಸುಟ್ಟು ಹೋಗುತ್ತವೆ, ಕಡಿಮೆಯಾದರೆ ಖಾಲಿ ಜಾಗವೂ ಶಾಯಿ ಹಿಡಿದು ಕೊಳೆಯಾಗುತ್ತದೆ.

ಕಲಾವಿದ ಸಾಮಾನ್ಯವಾಗಿ ಕಲ್ಲು ಮುಟ್ಟುತ್ತಿರಲಿಲ್ಲ. ಅವನು ಬಣ್ಣದ ನಕ್ಷೆ ಕೊಡುತ್ತಿದ್ದ, ಅಚ್ಚಿನ ಮನೆಯ ಕುಶಲಿ ಅದರ ಅಂಚುಗೆರೆಗಳನ್ನು ಒಂದು ಮೂಲ ಕಲ್ಲಿಗೆ ಇಳಿಸುತ್ತಿದ್ದ. ಆ ಕಲ್ಲಿನಿಂದ ಅಚ್ಚು ತೆಗೆದು, ಹಸಿಶಾಯಿಯ ಮೇಲೆ ಕೆಂಪು ಪುಡಿ ಉದುರಿಸಿ, ಉಳಿದ ಪ್ರತಿಯೊಂದು ಕಲ್ಲಿನ ಮೇಲೂ ಒತ್ತಿದರೆ ಎಲ್ಲ ಕಲ್ಲುಗಳ ಮೇಲೂ ಒಂದೇ ಗೆರೆಯ ಗುರುತು ಸಿಗುತ್ತದೆ. ಪುಡಿಯಲ್ಲಿ ಜಿಡ್ಡಿಲ್ಲ, ಆದ್ದರಿಂದ ಅದು ಅಚ್ಚಾಗುವುದಿಲ್ಲ. ಆ ಗುರುತು ನೋಡಿಕೊಂಡು ಹಳದಿಯ ಕಲ್ಲಿನಲ್ಲಿ ಹಳದಿಯ ಭಾಗ, ನೀಲಿಯಲ್ಲಿ ನೀಲಿಯ ಭಾಗ ತುಂಬುತ್ತಾರೆ.

ಆ ಕಾಲದ ವಾಸ್ತವಿಕ ಶೈಲಿಯ ಬಣ್ಣದ ಜಾಹೀರಾತಿಗೆ, ಕೆನ್ನೆಯ ಕೆಂಪು, ರೇಷ್ಮೆಯ ಹೊಳಪು ಎಲ್ಲ ಬರಬೇಕಾದರೆ, ಹತ್ತು ಹನ್ನೆರಡು ಕಲ್ಲು, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಬೇಕಾಗುತ್ತಿತ್ತು. ಸಾವಿರ ಪ್ರತಿ, ಹನ್ನೆರಡು ಕಲ್ಲು ಅಂದರೆ ಕಾಗದ 12,000 ಸಲ ಯಂತ್ರದೊಳಗೆ ಹೋಗಿ ಬರಬೇಕು, ಪ್ರತಿ ಬಣ್ಣದ ನಡುವೆ ಒಣಗಲು ಬಿಡಬೇಕು. ಪ್ರೀಸ್ಟರ್‌ನಲ್ಲಿ ಬಣ್ಣ ಎಣಿಸಿ: ಕಂದು, ನೀಲಿ, ಕೆಂಪು, ಹಳದಿ, ಅಂಚಿನ ತಿಳಿಬಣ್ಣ. ಐದು ಕಲ್ಲು ಅಂದುಕೊಂಡರೂ 5,000 ಸಲ. ತಿಂಗಳ ಕೆಲಸ ವಾರಗಳಿಗೆ ಇಳಿಯುತ್ತದೆ. ಗ್ರೋವಾಲ್ಡ್ ಆ ಕಾಗದವನ್ನು ಬುಟ್ಟಿಯಿಂದ ಎತ್ತಿದಾಗ ಅವನ ಕಣ್ಣಿಗೆ ಕಲೆ ಕಂಡಿತ್ತು, ನಿಜ. ಆದರೆ ಆತ ಹೊಲ್ಲರ್‌ಬೌಮ್ ಮತ್ತು ಶ್ಮಿಟ್ ಎಂಬ ಮುದ್ರಣಾಲಯದ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಎಂಬುದನ್ನು ಮರೆಯಬಾರದು.

ಕಡಿಮೆ ಬಣ್ಣ ಅಂದರೆ ಸುಲಭ ಅಂತಲ್ಲ. ಚುಕ್ಕಿಚುಕ್ಕಿಯ ಚಿತ್ರದಲ್ಲಿ ಒಂದು ಕಲೆ ಬಿದ್ದರೆ ಯಾರಿಗೂ ಕಾಣದು. ಬೋಳು ಕಂದು ಬಣ್ಣದ ನಡುವೆ ಬಿದ್ದ ಸಾಸಿವೆ ಗಾತ್ರದ ಬಿಳಿ ಚುಕ್ಕೆ ಹತ್ತಡಿಯಿಂದ ಕಾಣುತ್ತದೆ. ಕಲ್ಲಿಗೆ ನೀರು ಹೆಚ್ಚಾದರೆ ಶಾಯಿ ಒಡೆದು ಸೂಜಿಮೊನೆಯಷ್ಟು ರಂಧ್ರಗಳು ಬರುತ್ತವೆ. ಶಾಯಿ ತೀರಾ ಗಟ್ಟಿಯಿದ್ದರೆ ಕಾಗದದ ನಾರನ್ನೇ ಕಿತ್ತು ರೋಲರಿಗೆ ಅಂಟಿಸಿಕೊಳ್ಳುತ್ತದೆ, ಆ ಚೂರು ಮುಂದಿನ ಪ್ರತಿಗಳಲ್ಲೆಲ್ಲ ಗುರುತು ಬಿಡುತ್ತದೆ. ರೋಲರ್ ಒಂದು ಸುತ್ತು ಮುಗಿದ ಕಡೆ ಪಟ್ಟಿ ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ರಿಜಿಸ್ಟರ್ ತಪ್ಪುವುದು, ಅಂದರೆ ಒಂದು ಬಣ್ಣ ಇನ್ನೊಂದರ ಪಕ್ಕ ಸರಿಯಾದ ಜಾಗಕ್ಕೆ ಕೂರದಿರುವುದು. ಕಾಗದ ತೇವ ಹೀರಿದರೆ ಹಿಗ್ಗುತ್ತದೆ, ಅದೂ ನಾರಿನ ಅಡ್ಡ ದಿಕ್ಕಿಗೆ ಹೆಚ್ಚು. ನೂರಕ್ಕೆ 0.2ರಷ್ಟು ಹಿಗ್ಗಿದರೂ 90 ಸೆಂಟಿಮೀಟರಿನಲ್ಲಿ ಹತ್ತಿರ ಹತ್ತಿರ 2 ಮಿಲಿಮೀಟರ್. ನೆನ್ನೆ ಹಳದಿ ಹೊಡೆದ ಕಾಗದದ ಮೇಲೆ ಇವತ್ತು ಕಂದು ಹೊಡೆದರೆ ಕಡ್ಡಿಯ ತಲೆಯ ಪಕ್ಕದಲ್ಲಿ ಬಿಳಿ ಸೀಳು ಕಾಣಿಸಿಕೊಳ್ಳುತ್ತದೆ. ಅದಕ್ಕೇ ಕಾಗದವನ್ನು ಮುದ್ರಣದ ಕೋಣೆಯಲ್ಲೇ ತೂಗುಹಾಕಿ ಅಲ್ಲಿನ ಹವೆಗೆ ಒಗ್ಗಿಸುತ್ತಾರೆ, ತಿಳಿಬಣ್ಣವನ್ನು ಒಂದೆರಡು ಮಿಲಿಮೀಟರ್ ದೊಡ್ಡದಾಗಿ ಹೊಡೆದು ಅದರ ಅಂಚಿನ ಮೇಲೆ ಗಾಢ ಬಣ್ಣ ಕೂರುವಂತೆ ಮಾಡುತ್ತಾರೆ. ಈಗ ಬರ್ನ್‌ಹಾರ್ಡ್‌ನ ನೀಲಿ ಅಕ್ಷರಗಳ ಸುತ್ತ ಇರುವ ಆ ತಿಳಿ ಅಂಚನ್ನು ಮತ್ತೆ ನೋಡಿ. ನೀಲಿ ಮತ್ತು ಕಂದು ಎಲ್ಲಿಯೂ ಮುಟ್ಟುವುದೇ ಇಲ್ಲ. ನಡುವೆ ಅಗಲವಾದ ಪಟ್ಟಿ ಇದ್ದರೆ ಒಂದು ಮಿಲಿಮೀಟರ್ ಜರುಗಿದರೂ ಯಾರಿಗೆ ಗೊತ್ತಾಗುತ್ತದೆ? ಅಕ್ಷರ ಎದ್ದು ಕಾಣಲಿ ಎಂದೂ ಆಯಿತು, ಅಚ್ಚಿನವನ ಜೀವವೂ ಉಳಿಯಿತು. ಅವನ ನಂತರದ ಕೆಲಸಗಳಲ್ಲೂ ಬಣ್ಣಬಣ್ಣದ ನಡುವೆ ಗಟ್ಟಿ ಗೆರೆ ಬರುತ್ತದೆ. ಅದನ್ನು ಶೈಲಿ ಎಂದು ಮಾತ್ರ ಓದಿದರೆ ಅರ್ಧ ಓದಿದಂತೆ.

ವಸ್ತುವೂ ಹೆಸರೂ

ಮುಂದಿನ ಹತ್ತು ವರ್ಷ ಇದೇ ಕಸುಬು. 1908ರ ಸ್ಟಿಲ್ಲರ್ ಬೂಟು, ಅಡ್ಲರ್ ಬೆರಳಚ್ಚು ಯಂತ್ರ, 1910ರ ಸ್ಟೈನ್‌ವೇ ಪಿಯಾನೊ, ಮನೋಲಿ ಸಿಗರೇಟು, 1914ರ ಹೊತ್ತಿಗೆ ಕಾಫಿ ಹಾಗ್. ಗ್ರೋವಾಲ್ಡ್ ಒಂದು ವ್ಯವಸ್ಥೆ ಕಟ್ಟಿದ್ದ: ಬರ್ನ್‌ಹಾರ್ಡ್, ಹನ್ಸ್ ರೂಡಿ ಎರ್ಟ್, ಯೂಲಿಯುಸ್ ಗಿಪ್ಕೆನ್ಸ್, ಯೂಲಿಯುಸ್ ಕ್ಲಿಂಗರ್ ಮೊದಲಾದವರು ಅವನ ಮುದ್ರಣಾಲಯಕ್ಕೆ ಮಾತ್ರ ಕೆಲಸ ಮಾಡುವ ಒಪ್ಪಂದ. ಗಿರಾಕಿಗೆ ಇಂಥವರ ಪೋಸ್ಟರ್ ಬೇಕಿದ್ದರೆ ಅಚ್ಚು ಹಾಕಿಸುವುದೂ ಅಲ್ಲೇ. ಹೀಗೆ ಒಬ್ಬನ ಉಪಾಯ ಒಂದು ಪಂಥವಾಯಿತು. ಜರ್ಮನ್ನರು ಇದನ್ನು ಜಾಖ್‌ಪ್ಲಕಾಟ್ ಅಂದರು, ಕನ್ನಡದಲ್ಲಿ ವಸ್ತು-ಪೋಸ್ಟರ್ ಅನ್ನಬಹುದು.

ಈ ಕ್ರಮ ಎಲ್ಲಿ ಸೋಲುತ್ತದೆ ಎಂಬುದು ಅನುಕರಿಸಿದವರ ಕೈಯಲ್ಲಿ ಬೇಗ ಗೊತ್ತಾಯಿತು. ಹೆಸರು ಉದ್ದವಾದರೆ ಮೊದಲೇ ಹೇಳಿದ ಅಕ್ಷರದೆತ್ತರದ ಲೆಕ್ಕ ಕೆಡುತ್ತದೆ. ಬೂಟಿನ ಚಿತ್ರ ಎಲ್ಲರ ಬೂಟಿಗೂ ಸಲ್ಲುತ್ತದೆ, ಆದ್ದರಿಂದ ಹೆಸರಿನ ಅಕ್ಷರಕ್ಕೇ ಒಂದು ಮುಖ ಇರದಿದ್ದರೆ ಪೋಸ್ಟರ್ ಎದುರಾಳಿಯ ಪ್ರಚಾರವನ್ನೂ ಪುಕ್ಕಟೆ ಮಾಡುತ್ತದೆ. ವಸ್ತುವನ್ನು ನಿಜದಂತೆ ನೆರಳು ಹಚ್ಚಿ ಬರೆದು ಹಿಂದೆ ಬೋಳು ಬಣ್ಣ ಹಾಕಿದರೆ ವಸ್ತು ಕತ್ತರಿಸಿ ಅಂಟಿಸಿದಂತೆ ತೇಲುತ್ತದೆ; ಬರ್ನ್‌ಹಾರ್ಡ್ ನೆರಳನ್ನೂ ಒಂದು ಚಪ್ಪಟೆ ಆಕಾರವಾಗಿಯೇ ಕತ್ತರಿಸುತ್ತಿದ್ದ. ಬಣ್ಣದ ವಿಷಯದಲ್ಲೂ ಎಡವಿದವರಿದ್ದಾರೆ. ಅಗ್ಗದ ಕೆಂಪು ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ. ಐದೇ ಬಣ್ಣದ ಪೋಸ್ಟರಿನಲ್ಲಿ ಒಂದು ಮಾಸಿದರೆ ಐದರಲ್ಲೊಂದು ಪಾಲು ಹೋದಂತೆ.

ಬೆಂಗಳೂರಿನವರಿಗೆ ಪರಿಚಯದ ಒಂದು ಕೆಲಸ ಇಲ್ಲಿ ತೋರಿಸಬೇಕು. ಆಡುಗೋಡಿಯಲ್ಲಿ ಮೈಕೋ ಎಂದು ಹೆಸರಾಗಿ, 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡ ಕಂಪನಿ ಗೊತ್ತಲ್ಲ, 1951ರಲ್ಲಿ ಶುರುವಾದದ್ದು. ಅದರ ಮೂಲ ಸಂಸ್ಥೆ ಸ್ಟಟ್‌ಗಾರ್ಟ್‌ನದು, ಬರ್ನ್‌ಹಾರ್ಡ್ ಹುಟ್ಟಿದ ಊರಿನ ಮಗ್ಗುಲಿನದೇ. 1911ರಲ್ಲಿ ಆ ಸಂಸ್ಥೆಗೆ ಕ್ಲಿಂಗರ್ ಒಂದು ಕೆಂಪು ಮೆಫಿಸ್ಟೊ, ಅಂದರೆ ದೆವ್ವದ ಚಿತ್ರ ಬರೆದುಕೊಟ್ಟ. ಬೆಲ್ಜಿಯಮ್ಮಿನ ಕಾರು ಓಟಗಾರ ಕಮೀಲ್ ಜೆನಾಟ್ಜಿಯ ಮುಖವನ್ನು ಇಟ್ಟುಕೊಂಡು ಬರೆದದ್ದು. ಮೂರು ವರ್ಷದ ಮೇಲೆ ಬರ್ನ್‌ಹಾರ್ಡ್ ಅದೇ ಗಿರಾಕಿಗೆ ಮಾಡಿದ ಪೋಸ್ಟರಿನಲ್ಲಿ ದೆವ್ವವೂ ಇಲ್ಲ, ಕಾರೂ ಇಲ್ಲ. ಒಂದು ಸ್ಪಾರ್ಕ್ ಪ್ಲಗ್, ಅದರ ತುದಿಯಿಂದ ಸಿಡಿಯುವ ಕಿಡಿ, ಬಾಷ್ ಎಂಬ ಹೆಸರು. ಕಿಡಿಗೆ ಆಕಾರವೇ ಇಲ್ಲ, ಕ್ಷಣಾರ್ಧದ ಬೆಳಕು. ಅದನ್ನು ಒಂದರೊಳಗೊಂದು ಕೂತ ಚೂಪು ಅಂಚಿನ ಚಪ್ಪಟೆ ಬಣ್ಣಗಳಾಗಿ ಕತ್ತರಿಸಿಟ್ಟಿದ್ದಾನೆ. ಬೆಂಕಿಕಡ್ಡಿಗಿಂತ ಇದು ಕಷ್ಟದ ಕೆಲಸ, ನಮ್ಮ ಲೆಕ್ಕದಲ್ಲಿ ಅವನ ಅತ್ಯುತ್ತಮ ಪೋಸ್ಟರೂ ಇದೇ. ಕ್ಲಿಂಗರ್ ವಿಯೆನ್ನಾದ ಯಹೂದಿ. 1942ರಲ್ಲಿ ನಾತ್ಸಿಗಳು ಆತನನ್ನು ಮಿನ್ಸ್ಕ್ ಕಡೆಗೆ ಸಾಗಿಸಿ ಕೊಂದರು.

ಯುದ್ಧ ಬಂದಾಗ ವಸ್ತುವೇ ಇಲ್ಲದ ಸರಕು ಮಾರಬೇಕಾಯಿತು: ಯುದ್ಧಸಾಲದ ಬಾಂಡು. ಒಟ್ಟು ಒಂಬತ್ತು ಸಲ ಜರ್ಮನಿ ಇಂಥ ಸಾಲ ಎತ್ತಿತು. ಬಾಂಡಿನ ಕಾಗದ ತೋರಿಸಿ ಏನು ಮಾಡುವುದು? ಬರ್ನ್‌ಹಾರ್ಡ್ ಉಕ್ಕಿನ ಕವಚ ತೊಟ್ಟ ಮುಷ್ಟಿಯೊಂದನ್ನು ಮೇಲಿನಿಂದ ಕೆಳಗೆ ಗುದ್ದುವಂತೆ ಇಟ್ಟು, ಕೆಳಗೆ ಹಳೆಯ ಜರ್ಮನ್ ಮುರಿಯಕ್ಷರಗಳಲ್ಲಿ ಇದೇ ಶಾಂತಿಯ ದಾರಿ ಎಂಬರ್ಥದ ಮಾತು ಬರೆದ. ಕೆಲಸವಾಗಿ ನೋಡಿದರೆ ಬಿಗಿಯಾಗಿದೆ. ಆದರೆ ಅಲ್ಲಿ ವಸ್ತುವಿನ ಜಾಗಕ್ಕೆ ಸಂಕೇತ ಬಂದಿದೆ, ಹೆಸರಿನ ಜಾಗಕ್ಕೆ ಘೋಷಣೆ ಬಂದಿದೆ. ಅದನ್ನು ವಸ್ತು-ಪೋಸ್ಟರ್ ಎನ್ನಲಾಗದು. ಶಾಂತಿಯ ಹೆಸರಿನಲ್ಲಿ ಮುಷ್ಟಿ ತೋರಿಸುವ ಆ ಕಾಗದ ನೋಡಲು ಹಿತವಾಗಿಯೂ ಇಲ್ಲ.

ಅಚ್ಚುಮೊಳೆಗಳು

ಪೋಸ್ಟರಿನ ಅಕ್ಷರಗಳನ್ನು ಆತ ಕುಂಚದಲ್ಲಿ ಬರೆಯುತ್ತಿದ್ದ. ಮೂಲೆ ದುಂಡು, ಅಂಚು ಸ್ವಲ್ಪ ಅಂಕುಡೊಂಕು, ಒಂದೇ ಹೆಸರಿನೊಳಗೆ ಎರಡು ಸಲ ಬರುವ ಅಕ್ಷರ ಎರಡು ಸಲವೂ ತುಸು ಬೇರೆ. ಜನಕ್ಕೆ ಇದು ಹಿಡಿಸಿತು, ಅಚ್ಚುಮೊಳೆ, ಅಂದರೆ ಜೋಡಿಸಿ ಮುದ್ರಿಸುವ ಲೋಹದ ಅಕ್ಷರ, ಎರಕ ಹೊಯ್ಯುವವರು ಕದ ತಟ್ಟಿದರು. ಫ್ರಾಂಕ್‌ಫರ್ಟಿನ ಫ್ಲಿನ್ಷ್ ಸಂಸ್ಥೆ 1912ರ ಸುಮಾರಿಗೆ ಬರ್ನ್‌ಹಾರ್ಡ್ ಆಂಟಿಕ್ವಾ ಎಂಬ ಅಕ್ಷರಮಾದರಿ ತಂದಿತು, ಮರುವರ್ಷ ಬರ್ನ್‌ಹಾರ್ಡ್ ಫ್ರಾಕ್ಟೂರ್. ಫ್ಲಿನ್ಷ್ ಅನ್ನು 1916ರಲ್ಲಿ ಬೌವರ್ ಎಂಬ ಇನ್ನೊಂದು ಎರಕದ ಸಂಸ್ಥೆ ಕೊಂಡುಕೊಂಡ ಮೇಲೆ ಆ ಮೊಳೆಗಳೂ ಅಲ್ಲಿಗೆ ಹೋದವು.

ಕುಂಚದಕ್ಷರವನ್ನು ಸೀಸ, ತವರ, ಆಂಟಿಮನಿಯ ಮೊಳೆಯಾಗಿ ಎರೆಯುವಾಗ ಒಂದು ಎಡವಟ್ಟಿದೆ. ಪೋಸ್ಟರಿನಲ್ಲಿ ಒಂದು ಸಲ ಬರುವ ಡೊಂಕು ಮುದ್ದಾಗಿ ಕಾಣುತ್ತದೆ. ಅದೇ ಡೊಂಕಿನ 'ಇ' ಅಕ್ಷರ ಒಂದು ಪುಟದಲ್ಲಿ ಇನ್ನೂರು ಸಲ ಬಂದರೆ ತಪ್ಪು ಮಾಡಿದ ಹಾಗೆ ಕಾಣುತ್ತದೆ. ಆದ್ದರಿಂದ ಎಷ್ಟು ಒರಟುತನ ಉಳಿಸಬೇಕು ಎಂಬುದೇ ತೀರ್ಮಾನ. ಬರ್ನ್‌ಹಾರ್ಡ್‌ನ ಆರಂಭದ ಮೊಳೆಗಳನ್ನು ಶೀರ್ಷಿಕೆಗೆ, ಲೇಬಲಿಗೆ ಬಳಸಿದರೆ ಸೊಗಸು. ಪುಸ್ತಕ ಜೋಡಿಸಿದರೆ ಮೂರನೇ ಪುಟಕ್ಕೆ ಕಣ್ಣು ಸೋಲುತ್ತದೆ.

ಅಮೆರಿಕದ ತಿರುವು

1920ರ ದಶಕದ ಮೊದಲಲ್ಲಿ ಬರ್ಲಿನ್ನಿನಲ್ಲಿ ಪೋಸ್ಟರ್ ಕಲೆಯ ಪ್ರಾಧ್ಯಾಪಕನಾಗಿದ್ದವನು 1923ರಲ್ಲಿ ನ್ಯೂಯಾರ್ಕಿಗೆ ಹೋದ, ಅಲ್ಲೇ ನೆಲೆಸಿದ. ಅಲ್ಲಿ ಅವನ ಪೋಸ್ಟರನ್ನು ಕೇಳುವವರು ಸಿಗಲಿಲ್ಲ. ಕಾರಣ ರುಚಿಯ ಭೇದ ಮಾತ್ರವಲ್ಲ. ಬರ್ಲಿನ್ನಿನಲ್ಲಿ ಗಿರಾಕಿ, ಮುದ್ರಕ, ಕಲಾವಿದ ಒಂದೇ ಮೇಜಿನ ಸುತ್ತ ಕೂರುತ್ತಿದ್ದರು. ಅಮೆರಿಕದಲ್ಲಿ ನಡುವೆ ಜಾಹೀರಾತು ಏಜೆನ್ಸಿ ಇತ್ತು, ಅದರ ಮುಖ್ಯ ಸರಕು ಮಾತು. ಪತ್ರಿಕೆಯ ಪುಟದಲ್ಲಿ ಓದುಗ ಕೂತು ಓದುತ್ತಾನೆ. ಅಲ್ಲಿ ಉದ್ದದ ವಿವರಣೆ, ಫೋಟೊ, ನಗುವ ಸಂಸಾರದ ಚಿತ್ರ ಕೆಲಸ ಮಾಡುತ್ತಿದ್ದವು. ಬೀದಿಯ ವೇಗಕ್ಕೆ ಹುಟ್ಟಿದ ಕ್ರಮಕ್ಕೆ ಆ ಪುಟದಲ್ಲಿ ಕೆಲಸವಿರಲಿಲ್ಲ. ಕೆಲವು ವರ್ಷ ಒಳಾಂಗಣ ವಿನ್ಯಾಸ ಮಾಡಿದ. ಪೀಠೋಪಕರಣ, ದೀಪ, ರತ್ನಗಂಬಳಿಗಳ ಕೆಲಸದಲ್ಲಿ ಕೈ ಬರ್ಲಿನ್ನಿನಲ್ಲೇ ಪಳಗಿತ್ತು. 1928ರ ಹೊತ್ತಿಗೆ ವಾಸ್ತುಶಿಲ್ಪಿ ಬ್ರೂನೊ ಪೌಲ್, ರಾಕ್‌ವೆಲ್ ಕೆಂಟ್ ಎಂಬ ಚಿತ್ರಕಾರ, ಉಡುಪು ವಿನ್ಯಾಸಕ ಪೌಲ್ ಪ್ವಾರೆ ಮೊದಲಾದವರ ಜತೆ ಕಂಟೆಂಪೊರಾ ಎಂಬ ವಿನ್ಯಾಸ ಸಂಸ್ಥೆ ಕಟ್ಟಿದ.

ಅವನ ಕ್ರಮ ಅಮೆರಿಕದಲ್ಲಿ ಮತ್ತೆ ಉಸಿರಾಡಿದ್ದು ಹೆದ್ದಾರಿಯ ಬದಿಯಲ್ಲಿ. ಅಲ್ಲಿನ ರೂಢಿಯ ದೊಡ್ಡ ಜಾಹೀರಾತು ಫಲಕ 24 ಹಾಳೆಯದು, ಸುಮಾರು 2.6 ಮೀಟರ್ ಎತ್ತರ, 5.9 ಮೀಟರ್ ಅಗಲ, ನೋಡುವವನು ಕಾರಿನಲ್ಲಿ. ಬರ್ಲಿನ್ ಟ್ರಾಮಿನ ಲೆಕ್ಕ ಇಲ್ಲಿ ಇನ್ನೂ ಕಟ್ಟುನಿಟ್ಟು. ಅಮೋಕೊ ಪೆಟ್ರೋಲು, ರೆಮ್ ಎಂಬ ಕೆಮ್ಮಿನ ಔಷಧ, ಕ್ಯಾಟ್ಸ್ ಪಾ ರಬ್ಬರ್ ಹಿಮ್ಮಡಿ, ಎಕ್ಸ್-ಲ್ಯಾಕ್ಸ್ ಎಂಬ ಭೇದಿ ಔಷಧ ಮೊದಲಾದ ಗಿರಾಕಿಗಳು ಹೀಗೆ ಸಿಕ್ಕವರು. ಇಂಗ್ಲಿಷಿನಲ್ಲಿ ಮೂರೇ ಅಕ್ಷರದ ರೆಮ್ ಸಿಕ್ಕಾಗ ಬರ್ನ್‌ಹಾರ್ಡ್‌ಗೆ ಹಬ್ಬವಾಗಿರಬೇಕು.

ಆದರೆ ಹೆಚ್ಚು ಕಾಲ ಬಾಳಿದ್ದು ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆಗೆ ಬರೆದ ಮೊಳೆಗಳು: 1929ರಲ್ಲಿ ಬರ್ನ್‌ಹಾರ್ಡ್ ಫ್ಯಾಶನ್, ಅದೇ ಹೊತ್ತಿಗೆ ಶುರುವಾದ ಬರ್ನ್‌ಹಾರ್ಡ್ ಗಾಥಿಕ್, 1930ರ ದಶಕದಲ್ಲಿ ಟ್ಯಾಂಗೊ, 1937ರಲ್ಲಿ ಬರ್ನ್‌ಹಾರ್ಡ್ ಮಾಡರ್ನ್. ಕೊನೆಯದು ಈಗಲೂ ಅನೇಕ ಕಂಪ್ಯೂಟರುಗಳಲ್ಲಿದೆ, ಆದ್ದರಿಂದ ಒಂದು ಎಚ್ಚರಿಕೆ. ರೋಮನ್ ಸಣ್ಣಕ್ಷರಗಳಲ್ಲಿ ಬಿ, ಡಿ, ಎಲ್‌ಗಳ ಮೇಲ್ಕಡ್ಡಿ ತುಂಬ ಉದ್ದ, ನಡುವಿನ ಒಡಲು ತೀರಾ ಗಿಡ್ಡ. ಅಕ್ಷರದಳತೆ ಲೆಕ್ಕಕ್ಕೆ 12 ಪಾಯಿಂಟ್ ಇಟ್ಟರೂ ಕಣ್ಣಿಗೆ ಅಷ್ಟು ಕಾಣುವುದಿಲ್ಲ, ಬೇರೆ ಮೊಳೆಯ 9–10ರ ಪಕ್ಕ ಇಟ್ಟಂತಿರುತ್ತದೆ. ಎರಡು ಮೂರು ಪಾಯಿಂಟ್ ಹೆಚ್ಚಿಸಿಯೇ ಬಳಸಬೇಕು. ಸಾಲುಗಳ ನಡುವೆ ಮಾತ್ರ ಹೆಚ್ಚು ಅಂತರ ಬೇಡ, ಗಿಡ್ಡ ಒಡಲಿನಿಂದಾಗಿ ಬೆಳಕು ಆಗಲೇ ಬೇಕಾದಷ್ಟಿದೆ. ಲಗ್ನಪತ್ರಿಕೆ, ಅತ್ತರಿನ ಲೇಬಲ್‌ಗಳಿಗೆ ಹೇಳಿ ಮಾಡಿಸಿದ್ದು.

ಒಂದು ಕುತೂಹಲ. ಎರಡು ದಪ್ಪ ಕಡ್ಡಿ ಬರೆದವನೇ ಮೂವತ್ತು ವರ್ಷದ ಮೇಲೆ ಇಷ್ಟು ನಯನಾಜೂಕಿನ ಅಕ್ಷರ ಬರೆದದ್ದು ಯಾಕೆ ಎಂದು ಕೇಳುವುದುಂಟು. ಪೋಸ್ಟರ್ ದೂರಕ್ಕೆ, ಮೊಳೆ ಕೈಯಳತೆಯ ದೂರಕ್ಕೆ. ಅವನಿಗೆ ತನ್ನದೊಂದು ಶೈಲಿ ಬೇಕು ಎಂಬ ಹಂಬಲ ಅಷ್ಟೇನೂ ಇದ್ದಂತಿಲ್ಲ.

ಮುಂದಿನ ದಶಕಗಳಲ್ಲಿ ಆತ ಹೆಚ್ಚಾಗಿ ಚಿತ್ರ, ಶಿಲ್ಪಗಳತ್ತ ಹೊರಳಿದ. ತೀರಿಕೊಂಡದ್ದು 1972ರ ಮೇ 29ರಂದು, ನ್ಯೂಯಾರ್ಕಿನಲ್ಲಿ. 1905ರಲ್ಲಿ ಹುಟ್ಟಿದ ಮಗಳು ರೂತ್ ಬರ್ನ್‌ಹಾರ್ಡ್ ಹೆಸರಾಂತ ಛಾಯಾಗ್ರಾಹಕಿಯಾದಳು. 1930ರಲ್ಲಿ ಆಕೆ ತೆಗೆದ ಮೊದಲ ಮುಖ್ಯ ಫೋಟೊಗಳಲ್ಲಿ ಇರುವುದು ಲೈಫ್‌ಸೇವರ್ಸ್ ಎಂಬ ಉಂಗುರದಾಕಾರದ ಪೆಪ್ಪರ್‌ಮಿಂಟುಗಳು ಮತ್ತು ಹೀರುಕೊಳವೆಗಳು, ಬೇರೇನೂ ಇಲ್ಲ.

ಅಸಲು ಪ್ರತಿಗಳು

ಆ ಕಾಲದ ಪೋಸ್ಟರುಗಳನ್ನು ಕೂಡಿಟ್ಟದ್ದು ಬರ್ಲಿನ್ನಿನ ಒಬ್ಬ ಹಲ್ಲಿನ ಡಾಕ್ಟರು, ಹನ್ಸ್ ಸಾಕ್ಸ್. 1905ರಲ್ಲಿ ಪೋಸ್ಟರ್ ಗೆಳೆಯರ ಸಂಘ ಕಟ್ಟಿ, 1910ರಿಂದ 1921ರವರೆಗೆ ಡಾಸ್ ಪ್ಲಕಾಟ್ ಪತ್ರಿಕೆ ನಡೆಸಿದವನು. ಬರ್ನ್‌ಹಾರ್ಡ್ ಅವನಿಗೆ ಹತ್ತಿರದವ. ಸಾಕ್ಸ್ ಬಳಿ ಇದ್ದ 12,500 ಪೋಸ್ಟರುಗಳನ್ನು 1938ರಲ್ಲಿ ನಾತ್ಸಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಹೊತ್ತೊಯ್ದಿತು. ಯುದ್ಧದ ನಂತರ ಉಳಿದಿದ್ದ ನಾಲ್ಕು ಸಾವಿರ ಚಿಲ್ಲರೆ ಪ್ರತಿಗಳನ್ನು ಮಗ ಪೀಟರ್ ಸಾಕ್ಸ್‌ಗೆ ಹಿಂತಿರುಗಿಸಬೇಕೆಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2012ರ ಮಾರ್ಚಿನಲ್ಲಿ ತೀರ್ಪಿತ್ತಿತು. ಆ ಮೇಲೆ ಅವು ನ್ಯೂಯಾರ್ಕಿನಲ್ಲಿ ಹರಾಜಾಗಿ ಚದುರಿದವು.

ಪ್ರೀಸ್ಟರ್, ಸ್ಟಿಲ್ಲರ್‌ಗಳ ಮರುಮುದ್ರಣಗಳು ಎಲ್ಲೆಡೆ ಸಿಗುತ್ತವೆ. ಅಸಲು ಎಂದು ಯಾರಾದರೂ ತೋರಿಸಿದರೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ತೆಗೆದುಕೊಳ್ಳಿ. ಕಂದು ಬಣ್ಣದೊಳಗೆ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು ಹೂವಿನಂತೆ ಸಾಲಾಗಿ ಕಂಡರೆ ಅದು ಫೋಟೊದಿಂದ ಮಾಡಿದ ಆಫ್‌ಸೆಟ್ ಪ್ರತಿ. ಕಲ್ಲಚ್ಚಿನಲ್ಲಿ ಕಂದು ಅಂದರೆ ಕಂದು ಶಾಯಿಯೇ, ಚುಕ್ಕಿ ಕಾಣುವುದಿಲ್ಲ. ಆಮೇಲೆ ಕಾಗದದ ಅಂಚಿನಲ್ಲಿ ಮುದ್ರಕನ ಹೆಸರು ಹುಡುಕಿ. ಕೊನೆಗೆ ಕಡ್ಡಿಯ ಹಳದಿ ತಲೆಗೆ ಬನ್ನಿ, ಅದು ಕಂದಿಗೆ ತಾಗುವ ಜಾಗ. ಎಲ್ಲೋ ಒಂದು ಕಡೆ ಹಳದಿಯ ಮೇಲೆ ಕಂದು ತುಸು ಹತ್ತಿ ಗಾಢವಾದ ಕೂದಲೆಳೆ ಗೆರೆಯೊಂದು ಕಾಣಬೇಕು.